ಸ್ವಲ್ಪ ದೂರ ಓಡಿಸಿದ ಮೇಲೆ ಬ್ರೇಕ್ ಹಿಡಿದುಕೊಳ್ಳುತ್ತಿದೆ: 1991ರ ಮಜ್ದಾ ಎಂಎಕ್ಸ್-5

ತೆರೆದಟಾಪ್

ಎಲ್ಲರಿಗೂ ನಮಸ್ಕಾರ. ಗಾಡಿ 1991ರ ಮಜ್ದಾ ಎಂಎಕ್ಸ್-5, 1.6 ಲೀಟರ್, ಎಬಿಎಸ್ ಇಲ್ಲ. ನಮ್ಮ ಮಾವನವರು ಓಡಿಸುತ್ತಿದ್ದ ಗಾಡಿ. ಮಂಡಿನೋವು ಜಾಸ್ತಿಯಾಗಿ ಅಷ್ಟು ತಗ್ಗಿನ ಸೀಟಿನಲ್ಲಿ ಕೂತು ಏಳುವುದು ಅವರಿಗೆ ಕಷ್ಟವಾಯಿತು. ಹಾಗಾಗಿ ಬಹಳ ಕಾಲ ಸುಮ್ನೆ ನಿಂತಿತ್ತು. ಈಗ ಕೀ ನನ್ನ ಕೈಗೆ ಬಂದಿದೆ.

ತೊಂದರೆ ಹೀಗಿದೆ. ಬೆಳಿಗ್ಗೆ ಹೊರಡುವಾಗ ಎಲ್ಲ ಸರಿ. ಕ್ಲಚ್ ಒತ್ತಿದರೆ ಗಾಡಿ ಸಲೀಸಾಗಿ ಉರುಳುತ್ತದೆ. ಸಿಗ್ನಲ್ಲು, ತಿರುವು ಅಂತ ನಾಲ್ಕಾರು ಕಡೆ ಬ್ರೇಕ್ ಹಾಕಿದ ಮೇಲೆ ಗಾಡಿ ಭಾರವಾಗುತ್ತಾ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ವೇಗ ಕುಸಿಯುತ್ತದೆ. ಪೆಡಲ್ ಮೇಲಕ್ಕೆ ಬಂದು ಗಟ್ಟಿಯಾಗುತ್ತದೆ, ಕಾಲಿಟ್ಟರೆ ಸಾಕು, ಬ್ರೇಕ್ ಹಿಡಿಯುತ್ತದೆ. ಕೆಳಗಿಳಿದರೆ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಹಗುರ! ಇದಲ್ಲದೆ ಹಿಂದಿನ ಎಡ ಚಕ್ರದಲ್ಲಿ ಗಾಡಿ ತಣ್ಣಗಿದ್ದಾಗಲೂ ಸಣ್ಣ ಸವರುವ ಸದ್ದು ಇದೆ. ಅದು ಇದಕ್ಕೆ ಸಂಬಂಧಪಟ್ಟಿದ್ದೋ ಬೇರೆಯೋ ಗೊತ್ತಾಗುತ್ತಿಲ್ಲ.

ಇಲ್ಲಿವರೆಗೆ ಆಗಿರುವ ಕೆಲಸ: ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಲೀಕ್ ಆಗುತ್ತಿತ್ತು, ಹೊಸದು ಹಾಕಿಸಿದೆವು. ಬ್ರೇಕ್ ಹಿಡಿಯುವುದು ಅದಾದ ಮೇಲೆಯೇ ಶುರುವಾಯಿತು ಅಂತ ಖಚಿತವಾಗಿ ಹೇಳಲಾರೆ, ಯಾಕೆಂದರೆ ಅದಕ್ಕೆ ಮುಂಚೆ ಗಾಡಿ ಓಡಿದ್ದೇ ಕಡಿಮೆ. ಆಮೇಲೆ ಗ್ಯಾರೇಜಿನವರು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾಮ್ ಅಂತ ಮುಂದಿನ ಎರಡೂ ಕ್ಯಾಲಿಪರ್ ಬದಲಿಸಿದರು. ಏನೂ ವ್ಯತ್ಯಾಸ ಆಗಲಿಲ್ಲ. ಈಗ ಇಂಜಿನ್ನಿನ ವ್ಯಾಕ್ಯೂಮಿನಿಂದ ಪೆಡಲ್ ಹಗುರ ಮಾಡುವ ಬೂಸ್ಟರ್ ಬದಲಿಸೋಣ ಅನ್ನುತ್ತಿದ್ದಾರೆ.

ಬದಲಿಸುವ ಮುಂಚೆ ತಪ್ಪು ಎಲ್ಲಿದೆ ಅಂತ ತಿಳಿಯುವ ದಾರಿ ಇದೆಯಾ? ಜಾಕ್, ಎರಡು ಜೊತೆ ಸ್ಟ್ಯಾಂಡ್, ಸ್ಪ್ಯಾನರ್ ಸೆಟ್ ಮನೆಯಲ್ಲಿದೆ. ಕೈ ಕೊಳೆಯಾಗುವುದಕ್ಕೆ ನನಗೇನೂ ಬೇಜಾರಿಲ್ಲ.

ನಾಲ್ಕನೇಗೇರ್

ನಿಂತ ಗಾಡಿ ಅಲ್ವಾ, ನನ್ನ ಪ್ರಕಾರ ಕ್ಯಾಲಿಪರಿಗೆ ಬ್ರೇಕ್ ಆಯಿಲ್ ಒಯ್ಯುವ ಹೋಸ್ ಪೈಪ್. ಹಳೇ ರಬ್ಬರ್ ಹೋಸ್ ಒಳಗಿನಿಂದ ಊದಿಕೊಂಡು ಮುಚ್ಚಿಕೊಳ್ಳುತ್ತದೆ. ನೀವು ಪೆಡಲ್ ಒತ್ತಿದಾಗ ಜೋರಿಗೆ ಆಯಿಲ್ ಒಳಗೆ ಹೋಗುತ್ತದೆ, ವಾಪಸ್ ಬರುವುದಕ್ಕೆ ಆ ಜೋರು ಇರುವುದಿಲ್ಲ. ಹೊರಗಿನಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಕಾಣುತ್ತದೆ. ನಾಲ್ಕೂ ಬದಲಿಸಿಬಿಡಿ ಸರ್, ಹೇಗಿದ್ದರೂ ಮೂವತ್ತು ವರ್ಷ ದಾಟಿದ ರಬ್ಬರ್.

ಗ್ರೀಸ್‌ಕೈ

ಬೂಸ್ಟರಿಗೆ ಆರ್ಡರ್ ಕೊಟ್ಟಿಲ್ಲ ತಾನೇ? ಕೊಡಬೇಡಿ, ಸ್ವಲ್ಪ ತಡೆಯಿರಿ.

ನಾಲ್ಕನೇಗೇರ್ ಹೇಳಿದ ಹೋಸ್ ಕಥೆ ನಿಜ. ಅಷ್ಟು ಹಳೆಯ ಹೋಸನ್ನು ಬದಲಿಸುವುದು ಒಳ್ಳೆಯದೇ. ಆದರೆ ನಿಮ್ಮ ಗಾಡಿಯಲ್ಲಿ ಈಗ ಬ್ರೇಕ್ ಹಿಡಿಯುತ್ತಿರುವುದು ಅದರಿಂದಲೇನಾ ಅನ್ನುವುದು ಬೇರೆ ಪ್ರಶ್ನೆ. ಎರಡು ಕ್ಯಾಲಿಪರ್ ಆಗಲೇ ಊಹೆಯ ಮೇಲೆ ಹೋಗಿವೆ. ಮೂರನೇ ಊಹೆ ಬೇಡ.

ಬ್ರೇಕ್ ಬಿಡದೆ ಇರುವುದಕ್ಕೆ ಎರಡೇ ಕಾರಣ. ಪೆಡಲ್ ಬಿಟ್ಟ ಮೇಲೂ ಪೈಪಿನೊಳಗೆ ಆಯಿಲ್ ಒತ್ತಡ ಉಳಿದಿರಬೇಕು. ಇಲ್ಲವೇ ಒತ್ತಡ ಹೋಗಿದ್ದರೂ ಚಕ್ರದ ಹತ್ತಿರ ಯಾವುದೋ ಲೋಹ ಕಚ್ಚಿಕೊಂಡಿರಬೇಕು. ಅದು ಪಿಸ್ಟನ್ ಆಗಬಹುದು, ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಆಗಬಹುದು, ಬ್ರಾಕೆಟ್ಟಿನ ತುಕ್ಕಿನಲ್ಲಿ ಸಿಕ್ಕಿಕೊಂಡ ಪ್ಯಾಡ್ ಆಗಬಹುದು, ಹ್ಯಾಂಡ್ ಬ್ರೇಕ್ ಆಗಬಹುದು. ಇವೆರಡರಲ್ಲಿ ಯಾವುದು ಅಂತ ತಿಳಿಯುವುದಕ್ಕೆ ಕ್ಯಾಲಿಪರಿನಿಂದ ಆಯಿಲ್, ಗಾಳಿ ಹೊರಬಿಡುವ ಬ್ಲೀಡಿಂಗ್ ನಿಪ್ಪಲ್ಲಿಗೆ ಕೂರುವ ಒಂದು ಸ್ಪ್ಯಾನರ್ ಸಾಕು.

ಆದರೆ ಪರೀಕ್ಷೆ ಮಾಡಬೇಕಾದದ್ದು ಬ್ರೇಕ್ ಹಿಡಿದುಕೊಂಡಿರುವಾಗ. ಇದೇ ಮುಖ್ಯ, ಇದನ್ನೇ ಯಾರೂ ಮಾಡುವುದಿಲ್ಲ. ಗಾಡಿ ಗ್ಯಾರೇಜಿಗೆ ಹೋಗುತ್ತದೆ, ಸರದಿ ಬರುವ ಹೊತ್ತಿಗೆ ತಣ್ಣಗಾಗಿರುತ್ತದೆ, ಲಿಫ್ಟಿಗೆ ಏರಿಸಿದರೆ ಚಕ್ರ ಆರಾಮಾಗಿ ತಿರುಗುತ್ತದೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ಅಂದಾಜು.

ಹೀಗೆ ಮಾಡಿ. ಬ್ರೇಕ್ ಹಿಡಿಯುವವರೆಗೂ ಮನೆ ಹತ್ತಿರವೇ ಸುತ್ತಿ. ಜಾಸ್ತಿ ದೂರ ಬೇಡ. ಡಿಸ್ಕ್ ಕಾದು ಆಯಿಲ್ ಕುದಿಯುವ ಮಟ್ಟಕ್ಕೆ ಹೋದರೆ ಪೆಡಲ್ ನೇರ ನೆಲಕ್ಕೆ ಹೋಗುತ್ತದೆ, ಆಗ ತಮಾಷೆ ಇರುವುದಿಲ್ಲ. ಬಂದ ಕೂಡಲೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಬೇಡಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು ಮುಂಭಾಗ ಎತ್ತಿ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆಯೇ ಕೈ ಹಾಕಿ, ಬರೀ ಜಾಕ್ ನಂಬಬೇಡಿ. ಎರಡೂ ಚಕ್ರ ಕೈಯಲ್ಲಿ ತಿರುಗಿಸಿ ಎಷ್ಟು ಬಿಗಿ ಅಂತ ನೋಡಿಕೊಳ್ಳಿ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಸ್ವಲ್ಪ ಸವರುವುದು ಮಾಮೂಲಿ. ನೂಕಿ ಬಿಟ್ಟ ಚಕ್ರ ಕಾಲು ಸುತ್ತೂ ಹೋಗದೆ ನಿಂತರೆ ಅದು ಮಾಮೂಲಿಯಲ್ಲ.

ಈಗ ಬಲಗಡೆಯ ನಿಪ್ಪಲ್ಲಿಗೆ ಸಣ್ಣ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿ ಬಾಟಲಿಯಲ್ಲಿರಲಿ. ಕಣ್ಣಿಗೆ ಕನ್ನಡಕ ಇರಲಿ, ಆಯಿಲ್ ಬಿಸಿ ಇರುತ್ತದೆ. ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಉಳಿದಿತ್ತು ಅಂತ ಅರ್ಥ. ಎರಡು ಹನಿ ಬಂದು ಚಕ್ರ ಹಾಗೇ ಬಿಗಿಯಾಗಿದ್ದರೆ ತಪ್ಪು ಆ ಚಕ್ರದಲ್ಲೇ ಇದೆ.

ಒತ್ತಡ ಇತ್ತು ಅಂತಾದರೆ ನಿಪ್ಪಲ್ ಬಿಗಿ ಮಾಡಿ, ಎಡಗಡೆ ಚಕ್ರವನ್ನು ತಿರುಗಿಸಿ ನೋಡಿ. ಅದರ ನಿಪ್ಪಲ್ ಮುಟ್ಟಬೇಡಿ. ಈ ಗಾಡಿಯಲ್ಲಿ ಮುಂದಿನ ಎರಡು ಚಕ್ರಕ್ಕೆ ಒಂದು ಸರ್ಕ್ಯೂಟ್, ಹಿಂದಿನ ಎರಡಕ್ಕೆ ಇನ್ನೊಂದು. ಬಲಗಡೆ ಬಿಚ್ಚಿದಾಗ ಎಡಗಡೆಯೂ ಸಡಿಲವಾದರೆ ಆಯಿಲ್ ಎರಡೂ ಹೋಸುಗಳಲ್ಲಿ ಆರಾಮಾಗಿ ಓಡಾಡುತ್ತಿದೆ ಅಂತ ತಾನೇ? ಆಗ ಹೋಸಿನ ಮೇಲಿನ ಅನುಮಾನ ಬಿಡಬಹುದು, ತಪ್ಪು ಮೇಲೆಲ್ಲೋ ಇದೆ. ಬಿಚ್ಚಿದ ಕಡೆ ಮಾತ್ರ ಸಡಿಲವಾದರೆ ನಾಲ್ಕನೇಗೇರ್ ಹೇಳಿದ್ದೇ ಸರಿ.

ಹಿಂದಿನ ಎಡ ಚಕ್ರ ಬೇರೆ ಕಥೆ ಅನ್ನಿಸುತ್ತದೆ. ಅದನ್ನು ಆಮೇಲೆ ನೋಡೋಣ. ಎರಡು ರೋಗ ಒಟ್ಟಿಗೆ ಇದ್ದಾಗಲೇ ಗ್ಯಾರೇಜಿನವರೂ ದಾರಿ ತಪ್ಪುವುದು.

ಗಾಳಿತಂಪು

ಗ್ರೀಸ್‌ಕೈ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನನ್ನದು ಪೋರ್ಷೆ 964. ಇದರ ಕ್ಯಾಲಿಪರ್ ಅಲ್ಯೂಮಿನಿಯಂ, ಪ್ಯಾಡ್ ಜಾರುವ ಜಾಗದಲ್ಲಿ ಸ್ಟೀಲ್ ತಗಡು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಕಾಲ ಕಳೆದಂತೆ ತಗಡಿನ ಕೆಳಗೆ ಅಲ್ಯೂಮಿನಿಯಂ ಬಿಳೀ ಪುಡಿಯಾಗಿ ಉಬ್ಬುತ್ತದೆ. ತಗಡು ಮೇಲೇಳುತ್ತದೆ, ಪ್ಯಾಡ್ ಸಿಕ್ಕಿಕೊಳ್ಳುತ್ತದೆ. ಪಿಸ್ಟನ್ ಚೆನ್ನಾಗಿರುತ್ತದೆ, ಹೋಸ್ ಚೆನ್ನಾಗಿರುತ್ತದೆ, ಆದರೂ ಬ್ರೇಕ್ ಬಿಡುವುದಿಲ್ಲ. ಪ್ಯಾಡನ್ನು ಸುತ್ತಿಗೆಯಲ್ಲಿ ತಟ್ಟಿ ತೆಗೆಯಬೇಕಾಗಿ ಬಂದರೆ ಅದೇ ಕಾರಣ. ತಗಡು ಬಿಚ್ಚಿ, ಕೆಳಗಿನ ಪುಡಿ ಕೆರೆದು ಮತ್ತೆ ಕೂರಿಸಿದರೆ ಆಯಿತು. ಕ್ಯಾಲಿಪರ್ ಬದಲಿಸಬೇಕಾಗಿಲ್ಲ.

ಇನ್ನೊಂದು: ಹೋಸ್ ಯಾವಾಗಲೂ ಒಳಗಿನಿಂದಲೇ ಕೆಡಬೇಕು ಅಂತಿಲ್ಲ. ಹೋಸಿನ ನಡುವೆ ಲೋಹದ ಬ್ರಾಕೆಟ್ ಹಿಡಿದಿರುವ ಗಾಡಿಗಳಲ್ಲಿ ಆ ಬ್ರಾಕೆಟ್ಟಿನ ಒಳಗೆ ತುಕ್ಕು ಬೆಳೆದು ರಬ್ಬರನ್ನು ಹಿಂಡುತ್ತದೆ.

ತೆರೆದಟಾಪ್

ಎಲ್ಲರಿಗೂ ಥ್ಯಾಂಕ್ಸ್. ಮೊದಲು ಒಂದು ಮಾತು, ನಾನು ಸರ್ ಅಲ್ಲ, ಅಕ್ಕ ಅನ್ನಿ ಸಾಕು.

ಹೇಳಿದ ಹಾಗೇ ಮಾಡಿದೆ. ಪೆಡಲ್ ಗಟ್ಟಿಯಾಗುವವರೆಗೂ ಸುತ್ತಿ ಬಂದು ಮುಂಭಾಗ ಎತ್ತಿದೆ. ಎರಡೂ ಚಕ್ರ ಎರಡು ಕೈ ಹಾಕಿ ಎಳೆದರೂ ಕಷ್ಟದಲ್ಲಿ ತಿರುಗುತ್ತಿದ್ದವು. ಬಲಗಡೆ ನಿಪ್ಪಲ್ ಸಡಿಲಿಸಿದ ಕೂಡಲೇ ಟ್ಯೂಬಿನಲ್ಲಿ ಆಯಿಲ್ ಸರ್ರನೆ ಓಡಿತು. ಒಳಗಿನಿಂದ ಟಕ್ ಅಂತ ಸಣ್ಣ ಸದ್ದು ಬಂತು, ಚಕ್ರ ಸಡಿಲ. ಓಡಿ ಹೋಗಿ ಎಡಗಡೆ ಹಿಡಿದೆ. ಅದೂ ಸಡಿಲ!

ಆಮೇಲೆ ಹಿಂಭಾಗ ಎತ್ತಿದೆ. ಎಡ ಚಕ್ರ ಬಿಗಿ, ನಿಪ್ಪಲ್ ಬಿಚ್ಚಿದರೂ ಬಿಗಿ. ಬಲ ಚಕ್ರ ಪರವಾಗಿಲ್ಲ, ಆದರೆ ಅದೂ ಮುಂದಿನ ಚಕ್ರದಷ್ಟು ಸಲೀಸಾಗಿ ಸುತ್ತುವುದಿಲ್ಲ. ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗಲು ನೋಡುತ್ತದೆ. ಅದೂ ಬ್ರೇಕಿನದೇ ತೊಂದರೆಯಾ?

ಇನ್ಫ್ರಾರೆಡ್ ಥರ್ಮಾಮೀಟರ್ ಕೂಡ ಹಿಡಿದು ನೋಡಿದೆ. ವಾಸನೆ ಬರುವಷ್ಟು ಕಾದ ಡಿಸ್ಕಿಗೆ ತೀರಾ ಕಡಿಮೆ ತೋರಿಸಿತು. ಅದು ಕೆಟ್ಟಿದೆಯೋ ಏನೋ.

ಗ್ರೀಸ್‌ಕೈ

ಚೆನ್ನಾಗಿ ನೋಡಿದ್ದೀರಿ ಅಕ್ಕ. ಇಷ್ಟು ಗೊತ್ತಾದ ಮೇಲೆ ಅರ್ಧ ಕೆಲಸ ಮುಗಿಯಿತು.

ಮೊದಲು ಸಣ್ಣ ಪ್ರಶ್ನೆಗಳು. ಥರ್ಮಾಮೀಟರ್ ಕೆಟ್ಟಿಲ್ಲ. ಹೊಳೆಯುವ ಲೋಹಕ್ಕೆ ಹಿಡಿದರೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಪ್ಯಾಡ್ ಉಜ್ಜಿ ಮಿಂಚುವ ಡಿಸ್ಕಿನಲ್ಲಿ ಯಾವಾಗಲೂ ಹೀಗೇ. ಡಿಸ್ಕಿನ ನಡುವಿನ ಮಂಕು ಭಾಗಕ್ಕೋ ಕ್ಯಾಲಿಪರ್ ಮೈಗೋ ಹಿಡಿಯಿರಿ, ಎಡ ಬಲ ಎರಡರಲ್ಲೂ ಒಂದೇ ಜಾಗಕ್ಕೆ. ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಎರಡು ಕಡೆಗೂ ಎಷ್ಟು ವ್ಯತ್ಯಾಸ ಅನ್ನುವುದನ್ನು ನೋಡಿ. ಹಿಂದಿನ ಬಲ ಚಕ್ರದ ಭಾರ ಇಂಜಿನ್ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನದ್ದು. ಗೇರ್ ನ್ಯೂಟ್ರಲ್‌ನಲ್ಲಿದ್ದರೂ ಆ್ಯಕ್ಸಲ್, ಡಿಫರೆನ್ಷಿಯಲ್ ಎಲ್ಲ ಜೊತೆಗೆ ಸುತ್ತಬೇಕಲ್ಲ. ನಿಮ್ಮ ಗಾಡಿಯಲ್ಲಿ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್) ಇದ್ದರೆ ಇನ್ನೂ ಭಾರ. ಅದನ್ನು ಬಿಟ್ಟುಬಿಡಿ.

ಈಗ ಮುಂದಿನ ಚಕ್ರಗಳು. ಒಂದು ನಿಪ್ಪಲ್ ಬಿಚ್ಚಿದರೆ ಎರಡೂ ಸಡಿಲವಾದವು. ಹಾಗಾಗಿ ಹೋಸಿನ ತಪ್ಪಲ್ಲ, ಆ ಎರಡು ಹೊಸ ಕ್ಯಾಲಿಪರಿನ ತಪ್ಪೂ ಅಲ್ಲ. ಬದಲಿಸಿದ ಹಳೆಯವು ಸಹ ಚೆನ್ನಾಗಿಯೇ ಇದ್ದಿರಬಹುದು, ಸಿಕ್ಕಿದರೆ ಎತ್ತಿಟ್ಟುಕೊಳ್ಳಿ. ಒತ್ತಡ ಮೇಲೆ ಉಳಿಯುತ್ತಿದೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸ ಮಾಸ್ಟರ್ ಸಿಲಿಂಡರ್ ಹಾಕಿದ ಗಾಡಿಯಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಮಾಸ್ಟರ್ ಸಿಲಿಂಡರಿನೊಳಗೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ನಿಂತಾಗ ಅದರ ರಬ್ಬರ್ ಕಪ್ಪಿನ ಸ್ವಲ್ಪವೇ ಮುಂದೆ ಒಂದು ಸಣ್ಣ ತೂತು ಇರುತ್ತದೆ. ಸೂಜಿ ಹೋಗುವಷ್ಟು ಮಾತ್ರ. ಪೈಪಿನಲ್ಲಿರುವ ಆಯಿಲಿಗೂ ಮೇಲಿನ ಆಯಿಲ್ ಡಬ್ಬಿಗೂ ಅದೇ ದಾರಿ. ಬ್ರೇಕ್ ಬಿಸಿಯಾದಾಗ ಆಯಿಲ್ ಹಿಗ್ಗುತ್ತದೆ, ಹಿಗ್ಗಿದ್ದು ಆ ತೂತಿನಿಂದ ಡಬ್ಬಿಗೆ ಹೋಗುತ್ತದೆ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ ಒಂದು ಮಿಲಿಮೀಟರ್ ಮುಂದೆಯೇ ನಿಂತರೆ? ಕೆರೆಯ ತೂಬು ಮುಚ್ಚಿದ ಹಾಗೆ. ಹಿಗ್ಗಿದ ಆಯಿಲಿಗೆ ಹೋಗಲು ಜಾಗವಿಲ್ಲ, ಅದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಒತ್ತಿದರೆ ಇನ್ನೂ ಬಿಸಿ, ಬಿಸಿಯಾದರೆ ಇನ್ನೂ ಒತ್ತಡ. ನೀವು ಹೇಳಿದ ಮೇಲಕ್ಕೆ ಬರುವ ಗಟ್ಟಿ ಪೆಡಲ್, ಅರ್ಧ ಗಂಟೆ ತಣ್ಣಗಾದರೆ ಬಿಡುವುದು, ಎಲ್ಲ ಇದಕ್ಕೆ ಸರಿಹೊಂದುತ್ತದೆ.

ಪಿಸ್ಟನ್ ಹಿಂದಕ್ಕೆ ಬರದಂತೆ ಯಾರು ತಡೆಯುತ್ತಿದ್ದಾರೆ ಅನ್ನುವುದನ್ನು ಪೆಡಲಿನಿಂದ ಶುರುಮಾಡಿ ಮುಂದಕ್ಕೆ ಹುಡುಕಿ.

ಪೆಡಲಿನ ಮೇಲ್ಭಾಗದಲ್ಲಿ ಬ್ರೇಕ್ ಲೈಟ್ ಸ್ವಿಚ್ ಇದೆ. ಪೆಡಲ್ ಬಂದು ನಿಲ್ಲುವುದೇ ಅದಕ್ಕೆ ತಾಗಿ. ಯಾರಾದರೂ ಅದನ್ನು ಜಾಸ್ತಿ ಒಳಗೆ ತಿರುಗಿಸಿ ಬಿಗಿ ಮಾಡಿದ್ದರೆ ಪೆಡಲ್ ಯಾವಾಗಲೂ ಒಂಚೂರು ಒತ್ತಿದ ಸ್ಥಿತಿಯಲ್ಲೇ ಇರುತ್ತದೆ. ಇಂಜಿನ್ ಆಫ್ ಮಾಡಿ, ಪೆಡಲ್ ನಾಲ್ಕಾರು ಸಲ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ. ಆಮೇಲೆ ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಪೆಡಲ್ ಮೊದಲು ಕೆಲವು ಮಿಲಿಮೀಟರ್ ಏನೂ ತಡೆಯಿಲ್ಲದೆ ಹೋಗಬೇಕು. ಪೆಡಲಿಗೂ ಬೂಸ್ಟರಿಗೂ ಸೇರಿಸುವ ಪಿನ್ ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡಬೇಕು.

ಅದು ಸರಿಯಿದ್ದರೆ ಮತ್ತೆ ಓಡಿಸಿ ಬ್ರೇಕ್ ಹಿಡಿಸಿಕೊಂಡು ಬನ್ನಿ. ನಿಪ್ಪಲ್ ಬಿಚ್ಚಿದಾಗ ಒತ್ತಡ ಹೋಯಿತಲ್ಲ, ಮತ್ತೆ ಬರಬೇಕು. ಈ ಸಲ ನಿಪ್ಪಲ್ ಮುಟ್ಟಬೇಡಿ. ಇಂಜಿನ್ ಆಫ್ ಮಾಡಿ ಪೆಡಲ್ ಒತ್ತಿ ಒತ್ತಿ ವ್ಯಾಕ್ಯೂಮ್ ತೆಗೆದು ಚಕ್ರ ನೋಡಿ. ಸಡಿಲವಾದರೆ ಬೂಸ್ಟರ್ ಒಳಗಿನ ವಾಲ್ವ್ ಬಿಡುತ್ತಿಲ್ಲ, ಗ್ಯಾರೇಜಿನವರ ಮಾತು ಸರಿ. ಸಡಿಲವಾಗದಿದ್ದರೆ ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿರುವ ಎರಡು ನಟ್ ಸಡಿಲಿಸಿ, ಪೂರ್ತಿ ತೆಗೆಯದೆ ಸಿಲಿಂಡರನ್ನು ಎರಡು ಮಿಲಿಮೀಟರ್ ಮುಂದಕ್ಕೆ ಎಳೆಯಿರಿ. ಪೈಪ್ ಬಿಚ್ಚಬೇಕಾಗಿಲ್ಲ, ಅಷ್ಟಕ್ಕೆ ಬಾಗುತ್ತದೆ. ಆಗ ಚಕ್ರ ಬಿಟ್ಟುಕೊಂಡರೆ ಬೂಸ್ಟರಿನಿಂದ ಹೊರಗೆ ಬಂದು ಸಿಲಿಂಡರಿನ ಪಿಸ್ಟನ್ ತಳ್ಳುವ ರಾಡ್ ಉದ್ದವಾಗಿದೆ. ಎಳೆದರೂ ಬಿಡದಿದ್ದರೆ ಸಿಲಿಂಡರ್ ಒಳಗೇ ಏನೋ ಇದೆ. ರಬ್ಬರ್ ಊದಿರಬಹುದು, ತೂತು ಕಟ್ಟಿರಬಹುದು.

ಊದಿದ ರಬ್ಬರ್ ಅಂದೆನಲ್ಲ, ಡಬ್ಬಿಯ ಮುಚ್ಚಳ ತೆಗೆದಾಗ ಅದರ ರಬ್ಬರ್ ನೋಡಿ. ಹಿಗ್ಗಿ ಮಡಿಚಿಕೊಂಡು ಜಾಗದಲ್ಲಿ ಕೂರದೆ ಇದ್ದರೆ ಯಾರೋ ಇಂಜಿನ್ ಆಯಿಲ್ಲೋ ಪವರ್ ಸ್ಟೀರಿಂಗ್ ಆಯಿಲ್ಲೋ ಸುರಿದಿದ್ದಾರೆ. ಅನುಮಾನ ಬಂದರೆ ಎರಡು ಹನಿ ತೆಗೆದು ಲೋಟದ ನೀರಿಗೆ ಹಾಕಿ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ, ಇಂಜಿನ್ ಆಯಿಲ್ ತೇಲುತ್ತದೆ. ತೇಲಿದರೆ ದೊಡ್ಡ ಕೆಲಸ. ಸಿಸ್ಟಮ್ಮಿನ ಪ್ರತಿಯೊಂದು ರಬ್ಬರ್ ಬದಲಿಸಬೇಕು.

ಹಿಂದೆಡ್ರಮ್

ಅಣ್ಣ, ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಹತ್ತಿರ ಹಳೇ ಬ್ರಿಟಿಷ್ ಗಾಡಿ ಎಂಜಿಬಿ ಇದೆ, ಹಿಂದೆ ಡ್ರಮ್ ಬ್ರೇಕ್. ಡ್ರಮ್ ಇರುವವರಿಗೆ ನಿಪ್ಪಲ್ ಪರೀಕ್ಷೆ ಹೀಗೇ ನಡೆಯುತ್ತದಾ?

ಗ್ರೀಸ್‌ಕೈ

ನಡೆಯುತ್ತದೆ. ಆದರೆ ಡ್ರಮ್ಮಿನಲ್ಲಿ ಒತ್ತಡ ಇಲ್ಲದೆಯೂ ಹಿಡಿಯುವುದಕ್ಕೆ ಕಾರಣ ಜಾಸ್ತಿ. ಅಡ್ಜಸ್ಟರ್ ಅತಿಯಾಗಿ ಬಿಗಿ ಮಾಡಿರುತ್ತಾರೆ, ಸ್ಪ್ರಿಂಗ್ ಸೋತಿರುತ್ತದೆ, ಕೇಬಲ್ ತುಕ್ಕು ಹಿಡಿದಿರುತ್ತದೆ. ಮೊದಲು ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡಿ, ಆಮೇಲೆ ಬ್ಯಾಕ್‌ಪ್ಲೇಟಿನ ಚೌಕ ತಲೆಯ ಅಡ್ಜಸ್ಟರಿನಲ್ಲಿ ಡ್ರಮ್ಮಿಗೆ ಒತ್ತುವ ಶೂ ಹೊಂದಿಸಿ, ಕೊನೆಗೆ ಕೇಬಲ್. ತಿರುವುಮುರುವು ಮಾಡಿದರೆ ಯಾವತ್ತೂ ಸರಿ ಕೂರುವುದಿಲ್ಲ. ಒಂದು ಎಚ್ಚರಿಕೆ: ಆ ಕಾಲದ ಶೂ, ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ ತೆಗೆದು ಧೂಳನ್ನು ಗಾಳಿ ಹೊಡೆದು ಊದಬೇಡಿ. ಒದ್ದೆ ಮಾಡಿ ಒರೆಸಿ.

ತೆರೆದಟಾಪ್

ಸಿಕ್ಕಿತು!

ಸ್ವಿಚ್ಚಿನ ಹತ್ತಿರ ಏನೂ ತಪ್ಪಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟು ನೋಡಿದೆ, ಪಿನ್ ಬೆರಳಿನಲ್ಲೇ ತಿರುಗುತ್ತದೆ. ಡಬ್ಬಿಯ ಮುಚ್ಚಳದ ರಬ್ಬರ್ ಹೊಸದರ ಹಾಗೇ ಇದೆ. ನೀರಿನ ಲೋಟದಲ್ಲೂ ಹನಿ ಬೆರೆತುಹೋಯಿತು.

ಮತ್ತೆ ಓಡಿಸಿ ಬ್ರೇಕ್ ಹಿಡಿಸಿಕೊಂಡು ಬಂದೆ. ವ್ಯಾಕ್ಯೂಮ್ ತೆಗೆದರೂ ಚಕ್ರ ಬಿಗಿ. ಮಾವನವರು ಚಕ್ರದ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿದ್ದರು. ನಾನು ಸಿಲಿಂಡರಿನ ಎರಡು ನಟ್ ಸಡಿಲಿಸುತ್ತಾ ಬಂದೆ. ನಾನು ಎಳೆಯುವ ಮೊದಲೇ ಸಿಲಿಂಡರ್ ತಾನಾಗಿಯೇ ಮುಂದಕ್ಕೆ ಸರಿಯಿತು. ಸಿಲಿಂಡರಿಗೂ ಬೂಸ್ಟರಿಗೂ ನಡುವೆ ಸಂದು ಬಿಟ್ಟದ್ದು ಕಣ್ಣಿಗೆ ಕಾಣಿಸಿತು. ಅದೇ ಹೊತ್ತಿಗೆ ಅವರು ಅಲ್ಲಿಂದ "ಬಿಡ್ತು ನೋಡು" ಅಂದರು.

ಅಂದರೆ ರಾಡ್ ಉದ್ದ. ಈಗ ಎಷ್ಟು ಉದ್ದ, ಎಷ್ಟು ಕಡಿಮೆ ಮಾಡಬೇಕು? ಆ ಸಂದಿನಲ್ಲಿ ಎರಡು ವಾಷರ್ ಇಟ್ಟು ಓಡಿಸಿದರೆ ನಡೆಯುತ್ತದಾ ಅಂತ ಮಾವ ಕೇಳುತ್ತಿದ್ದಾರೆ.

ಗ್ರೀಸ್‌ಕೈ

ವಾಷರ್ ಇಟ್ಟು ಓಡಿಸಬೇಡಿ. ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ, ಆದರೆ ಬೇಡ. ಸಿಲಿಂಡರ್ ಬೂಸ್ಟರಿಗೆ ಸರಿಯಾಗಿ ಅಂಟಿ ಕೂರದಿದ್ದರೆ ವ್ಯಾಕ್ಯೂಮ್ ಲೀಕ್ ಆಗುತ್ತದೆ. ಬ್ರೇಕ್ ಹಾಕಿದಾಗ ಬೀಳುವ ಭಾರವೆಲ್ಲ ಎರಡು ವಾಷರಿನ ಮೇಲೆ ಬೀಳುವುದೂ ಒಳ್ಳೆಯದಲ್ಲ. ಪರೀಕ್ಷೆಗೆ ಸರಿ, ರಸ್ತೆಗಲ್ಲ.

ಅಳೆಯುವುದಕ್ಕೆ ಮಕ್ಕಳು ಆಡುವ ಮೆತ್ತನೆ ಬಣ್ಣದ ಕ್ಲೇ ಸಾಕು. ಸಿಲಿಂಡರನ್ನು ಪೈಪ್ ಬಿಚ್ಚದೆ ಮುಂದಕ್ಕೆ ಸರಿಸಿ. ಪೈಪ್ ಮಡಚಿಕೊಳ್ಳದಂತೆ ನೋಡಿಕೊಳ್ಳಿ. ರಾಡಿನ ತುದಿಗೆ ಕಡಲೆ ಗಾತ್ರದ ಕ್ಲೇ ಅಂಟಿಸಿ, ಸಿಲಿಂಡರ್ ಮತ್ತೆ ಕೂರಿಸಿ, ನಟ್ ಬಿಗಿ ಮಾಡಿ. ಪೆಡಲ್ ಒತ್ತಬೇಡಿ. ಮತ್ತೆ ಬಿಚ್ಚಿ ತೆಗೆದು ಕ್ಲೇ ಎಷ್ಟು ದಪ್ಪ ಉಳಿದಿದೆ ನೋಡಿ. ಪೂರ್ತಿ ಹಿಂಡಿ ಲೋಹ ಕಾಣುತ್ತಿದ್ದರೆ ರಾಡ್ ಪಿಸ್ಟನ್ನನ್ನು ಯಾವಾಗಲೂ ಒತ್ತುತ್ತಿದೆ. ರಾಡಿನ ತುದಿಯಲ್ಲಿ ಥ್ರೆಡ್ ಇದೆ. ರಾಡ್ ಸುತ್ತದಂತೆ ಹಿಡಿದುಕೊಂಡು ತುದಿಯನ್ನು ಒಳಗೆ ತಿರುಗಿಸಿದರೆ ಗಿಡ್ಡವಾಗುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಕ್ಲೇ ಹಾಕಿ ನೋಡಿ. ಕಾಗದದಷ್ಟು ತೆಳ್ಳಗೆ ಕ್ಲೇ ಉಳಿದರೆ ಸಾಕು. ಇನ್ನೂ ಇರಲಿ ಅಂತ ಜಾಸ್ತಿ ಗಿಡ್ಡ ಮಾಡಿದರೆ ಪೆಡಲ್ ಅರ್ಧ ದೂರ ಸುಮ್ನೆ ಹೋಗಿ ಆಮೇಲೆ ಹಿಡಿಯುತ್ತದೆ. ಕಂಪನಿಯ ಸರ್ವೀಸ್ ಪುಸ್ತಕದಲ್ಲಿ ಇದಕ್ಕೆ ವಿಶೇಷ ಗೇಜ್ ಇದೆ, ಬೂಸ್ಟರಿಗೆ ವ್ಯಾಕ್ಯೂಮ್ ಕೊಟ್ಟು ಅಳೆಯಲು ಹೇಳುತ್ತಾರೆ. ಗೇಜ್ ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಕ್ಲೇಯಲ್ಲಿ ಹೊಂದಿಸಿ, ಕೊನೆಯಲ್ಲಿ ಇಂಜಿನ್ ಓಡುತ್ತಿರುವಾಗ, ಪೆಡಲ್ ಮುಟ್ಟದೆ, ಚಕ್ರ ಸಲೀಸಾಗಿ ತಿರುಗುತ್ತದಾ ಅಂತ ನೋಡಲು ಮರೆಯಬೇಡಿ.

ಹೊಸ ಸಿಲಿಂಡರ್ ಹಳೆಯದರ ಹಾಗೇ ಕಂಡರೂ ಪಿಸ್ಟನ್ನಿನ ಹಿಂದಿನ ಗುಳಿ ಅರ್ಧ ಮಿಲಿಮೀಟರ್ ಕಡಿಮೆ ಆಳ ಇದ್ದರೆ ಸಾಕು, ಇಷ್ಟೆಲ್ಲ ಆಗುತ್ತದೆ. ಸಿಲಿಂಡರ್ ಬದಲಿಸಿದಾಗ ಇದನ್ನು ಅಳೆಯಲೇಬೇಕು. ಅಳೆಯುವವರು ಕಡಿಮೆ.

ಹಿಂದಿನ ಎಡ ಚಕ್ರ ಈಗ. ಕ್ಯಾಲಿಪರ್ ಹಿಂಭಾಗದಲ್ಲಿ ಹ್ಯಾಂಡ್ ಬ್ರೇಕ್ ಕೇಬಲ್ ಬಂದು ಸೇರುವ ಸಣ್ಣ ಲಿವರ್ ಇದೆ. ಹ್ಯಾಂಡ್ ಬ್ರೇಕ್ ಇಳಿಸಿದಾಗ ಅದು ತನ್ನ ಸ್ಟಾಪಿಗೆ ತಾಗಿ ನಿಲ್ಲಬೇಕು. ಬಲಗಡೆಯದನ್ನು ನೋಡಿ ಹೋಲಿಸಿ. ತಾಗದಿದ್ದರೆ ಕೇಬಲ್ ಕಳಚಿ. ಕಳಚಿದ ಕೂಡಲೇ ಲಿವರ್ ಹಿಂದಕ್ಕೆ ಹಾರಿದರೆ ಕೇಬಲ್ ತಪ್ಪು. ಹಾರದೆ ಅಲ್ಲೇ ನಿಂತರೆ ಲಿವರಿನ ಶಾಫ್ಟ್ ಕ್ಯಾಲಿಪರಿನೊಳಗೆ ತುಕ್ಕು ಹಿಡಿದಿದೆ. ಈ ಗಾಡಿಯಲ್ಲಿ ಇದು ಬಹಳ ಮಾಮೂಲಿ ಕಾಯಿಲೆ, ಅದರಲ್ಲೂ ನಿಂತ ಗಾಡಿಯಲ್ಲಿ.

ತೆರೆದಟಾಪ್

ಕ್ಲೇ ಮಗಳದ್ದು, ಹಸಿರು ಬಣ್ಣ. ಮೊದಲ ಸಲ ತೆಗೆದಾಗ ರಾಡಿನ ತುದಿಯಲ್ಲಿ ಲೋಹ ಫಳಫಳ ಹೊಳೆಯುತ್ತಿತ್ತು, ಕ್ಲೇ ಎಲ್ಲ ಪಕ್ಕಕ್ಕೆ ಹಿಂಡಿಹೋಗಿ ಬಳೆಯ ಥರ ಉಳಿದಿತ್ತು. ತಿರುಗಿಸಿ ತಿರುಗಿಸಿ ನೋಡಿ ಈಗ ತೆಳು ಪದರ ಉಳಿಯುವಂತೆ ಮಾಡಿದ್ದೇನೆ. ಇಂಜಿನ್ ಓಡುತ್ತಿರುವಾಗಲೂ ಮುಂದಿನ ಚಕ್ರ ಬೆರಳಿನಲ್ಲಿ ತಿರುಗುತ್ತದೆ. ಓಡಿಸಿಯೂ ಆಯಿತು. ಟ್ರಾಫಿಕ್ಕಿನಲ್ಲೇ ಬೇಕಂತ ಹೋಗಿ ಬಂದೆ. ಪೆಡಲ್ ಶುರುವಿನಲ್ಲಿ ಹೇಗಿತ್ತೋ ಕೊನೆಗೂ ಹಾಗೇ. ಮಂಕು ಭಾಗಕ್ಕೆ ಹಿಡಿದರೆ ಥರ್ಮಾಮೀಟರ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ತೋರಿಸುತ್ತದೆ.

ಹಿಂದಿನ ಎಡ ಲಿವರ್ ಸ್ಟಾಪಿಗೆ ತಾಗುತ್ತಿರಲಿಲ್ಲ, ಬೆರಳು ತೂರಿಸುವಷ್ಟು ಜಾಗ ಇತ್ತು. ಕೇಬಲ್ ಕಳಚಿದರೂ ಅಲುಗಲಿಲ್ಲ. ತುಕ್ಕು ಬಿಡಿಸುವ ಆಯಿಲ್ ಹೊಡೆದು, ಇಕ್ಕಳದಲ್ಲಿ ಹಿಡಿದು ಆಚೆ ಈಚೆ ಆಡಿಸಿದ ಮೇಲೆ ಈಗ ಹೋಗಿ ಬರುತ್ತದೆ, ಆದರೆ ಸೋಮಾರಿಯಾಗಿ. ಹೀಗೇ ಬಿಟ್ಟರೆ ಆಗುತ್ತದಾ? ಮತ್ತೆ ಮುಂದಿನ ಪ್ಯಾಡ್ ಇಷ್ಟೊಂದು ಕಾದಿವೆಯಲ್ಲ, ಅವನ್ನೇನು ಮಾಡಲಿ?

ಗ್ರೀಸ್‌ಕೈ

ಲಿವರ್ ಮತ್ತೆ ಹಿಡಿಯುತ್ತದೆ, ಮಳೆಗಾಲ ಬಂದರೆ ಇನ್ನೂ ಬೇಗ. ಶಾಫ್ಟಿನ ಸೀಲ್ ಹೋಗಿ ನೀರು ಒಳಗಿಳಿದಿದೆ. ಕ್ಯಾಲಿಪರ್ ಬಿಚ್ಚಿ ಸೀಲ್ ಕಿಟ್ ಹಾಕಿಸಿ, ಇಲ್ಲ ರಿಪೇರಿಯಾದ ಕ್ಯಾಲಿಪರ್ ಕೂರಿಸಿ. ಅಲ್ಲಿಯವರೆಗೆ ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಹಾಕಿ ಚಕ್ರಕ್ಕೆ ಅಡ್ಡ ಕೊಟ್ಟು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಆ ಕ್ಯಾಲಿಪರಿನ ಪಿಸ್ಟನ್ನನ್ನು ಸಿ ಕ್ಲ್ಯಾಂಪ್ ಹಾಕಿ ಒತ್ತಲು ಹೋಗಬೇಡಿ, ಒಳಗಿನ ಸ್ಕ್ರೂ ಹಾಳಾಗುತ್ತದೆ. ಹಿಂದೆ ಒಂದು ಮುಚ್ಚಳದ ಬೋಲ್ಟ್ ಇದೆ, 14 ಮಿಲಿಮೀಟರ್. ಅದನ್ನು ತೆಗೆದರೆ ಒಳಗೆ 4 ಮಿಲಿಮೀಟರ್ ಅಲನ್ ಕೀ ಕೂರುತ್ತದೆ. ಪ್ಯಾಡ್ ಡಿಸ್ಕಿಗೆ ತಾಗುವವರೆಗೆ ಬಿಗಿ ಮಾಡಿ, ಅಲ್ಲಿಂದ ಮೂರನೇ ಒಂದು ಸುತ್ತು ಹಿಂದಕ್ಕೆ. ಎರಡೂ ಕಡೆ ಇದನ್ನು ಹೊಂದಿಸಿದ ಮೇಲೆಯೇ ಕೇಬಲ್ ಮುಟ್ಟಿ.

ಮುಂದಿನ ಪ್ಯಾಡ್ ಹೊರಗೆ ತೆಗೆದು ನೋಡಿ. ಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಅಂಚು ಬಿರುಕು ಬಿಟ್ಟಿದ್ದರೆ ಬದಲಿಸಿ. ಕ್ಯಾಲಿಪರಿನ ಧೂಳು ತಡೆಯುವ ರಬ್ಬರ್ ಸುಟ್ಟಿದೆಯಾ ನೋಡಿ. ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸ್ ಮಾತ್ರ, ಬೇರಿಂಗಿಗೆ ಹಾಕುವ ಗ್ರೀಸ್ ಹಚ್ಚಬೇಡಿ, ರಬ್ಬರ್ ಊದುತ್ತದೆ. ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಹೊಸ ಡಾಟ್ 4 ಕುದಿಯುವುದು ಕಡಿಮೆ ಅಂದರೂ 230 ಡಿಗ್ರಿಗೆ. ನೀರು ಹೀರಿಕೊಂಡ ಮೇಲೆ ಅದು 155ರ ಹತ್ತಿರಕ್ಕೆ ಇಳಿಯಬಹುದು. ನಿಮ್ಮದು ಅಷ್ಟೊಂದು ಕಾದಿದೆ, ನಿಪ್ಪಲ್ ಬೇರೆ ಬಿಚ್ಚಿದ್ದೀರಿ, ಗಾಳಿಯೂ ಹೋಗಿರಬಹುದು. ಪೇಂಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿದು ತೊಳೆಯಿರಿ.

ಹೋಸ್ ಕೂಡ ಅದೇ ಸಲಕ್ಕೆ ಬದಲಿಸಿಬಿಡಿ. ನಾಲ್ಕನೇಗೇರ್ ಮಾತಿಗೂ ಬೆಲೆ ಕೊಟ್ಟ ಹಾಗಾಗುತ್ತದೆ.

ನಾಲ್ಕನೇಗೇರ್

ಹಹ್ಹಾ, ಸರಿ ಅಣ್ಣ. ಸಾರಿ ಅಕ್ಕ, ಸರ್ ಅಂದುಬಿಟ್ಟಿದ್ದೆ. ಇದನ್ನೆಲ್ಲ ಓದಿ ನನ್ನ ಗಾಡಿಯ ಕೆಳಗೂ ಇಣುಕಿ ನೋಡಿದೆ. ಹಿಂದಿನ ಬಲ ಲಿವರ್ ಸ್ಟಾಪಿಗೆ ತಾಗುತ್ತಿಲ್ಲ. ಕೇಬಲ್ ಕಳಚಿದರೆ ಹಾರುತ್ತದೆ. ಹಾಗಾದರೆ ಕೇಬಲ್ ಒಂದೇ ಬದಲಿಸಿದರೆ ಸಾಕಾ?

ಗ್ರೀಸ್‌ಕೈ

ಕೇಬಲ್ ಬದಲಿಸುವ ಮುಂಚೆ ಒಳಗೆ ಹ್ಯಾಂಡ್ ಬ್ರೇಕ್ ಹತ್ತಿರದ ಅಡ್ಜಸ್ಟರ್ ನೋಡಿ. ಯಾರಾದರೂ ಅಲ್ಲಿ ಜಾಸ್ತಿ ಬಿಗಿ ಮಾಡಿದ್ದರೂ ಹೀಗೇ ಆಗುತ್ತದೆ. ಅದನ್ನು ಪೂರ್ತಿ ಸಡಿಲಿಸಿ ಕೇಬಲ್ ಮತ್ತೆ ಸಿಕ್ಕಿಸಿ ನೋಡಿ. ಆಗಲೂ ಲಿವರ್ ತಾಗದಿದ್ದರೆ ಕೇಬಲ್ ತರಿಸಿ.